ಹೊಂಗೆ ನೆಡೋಣವೋ, ನಿಂಬೆ ನೆಡೋಣವೋ? ಮೊದಲು ಅಂಗಳದ ಬಿಸಿಲು ನೋಡಿ

ಏಪ್ರಿಲ್ ತಿಂಗಳಲ್ಲಿ ಒಂದು ದಿನ ರಾತ್ರಿ ಎಂಟು ಗಂಟೆಗೆ ಮನೆಯ ಪಶ್ಚಿಮದ ಗೋಡೆಗೆ ಒಳಗಿನಿಂದ ಕೈ ಇಟ್ಟು ನೋಡಿ. ಹೊತ್ತು ಮುಳುಗಿ ಒಂದೂವರೆ ಗಂಟೆ ಆಗಿರುತ್ತದೆ. ಆದರೂ ಗೋಡೆ ಬೆಚ್ಚಗಿರುತ್ತದೆ. ಮಧ್ಯಾಹ್ನವೆಲ್ಲ ಕುಡಿದ ಬಿಸಿಲನ್ನು ಅದು ಈಗ ನಿಧಾನವಾಗಿ ಕೋಣೆಯೊಳಗೆ ಬಿಡುತ್ತಿರುತ್ತದೆ. ಫ್ಯಾನ್ ಹಾಕಿದರೂ ಸೆಖೆ ಹೋಗದಿರುವುದಕ್ಕೆ ಇದೂ ಒಂದು ಕಾರಣ.

ಬೆಂಗಳೂರು ತಂಪು ಊರು ಅನ್ನುವ ಮಾತು ಹಳೆಯದಾಯಿತು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಎಷ್ಟೋ ಮನೆಗಳವರು ಮೊದಲ ಸಲ ಮರದ ಬಗ್ಗೆ ಮಾತಾಡಲು ಶುರು ಮಾಡಿದರು. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. ಮನೆ ಮುಂದೆ ಅಥವಾ ಹಿಂದೆ ಒಂದು ಮರಕ್ಕಾಗುವಷ್ಟು ಜಾಗ ಇದೆ. ನೆರಳಿಗೆ ಹೊಂಗೆ ಹಾಕೋಣವಾ, ಇಲ್ಲ ಅಡುಗೆಗೂ ಆಗುತ್ತದೆ ಅಂತ ನಿಂಬೆ ಹಾಕೋಣವಾ? 2022ರ ಏಪ್ರಿಲ್‌ನಲ್ಲಿ ಒಂದೊಂದು ನಿಂಬೆಹಣ್ಣಿಗೆ ಹತ್ತು ರೂಪಾಯಿ ಕೊಟ್ಟವರಿಗೆ ಎರಡನೆಯದರ ಮೇಲೇ ಮನಸ್ಸು.

ನಾನು ಎರಡನ್ನೂ ಬೆಳೆಸಿದ್ದೇನೆ. ಒಂದನ್ನು ತಪ್ಪು ಜಾಗದಲ್ಲಿ ನೆಟ್ಟು ನಾಲ್ಕು ವರ್ಷ ಕಳೆದುಕೊಂಡಿದ್ದೇನೆ. ಆದ್ದರಿಂದ ಇದನ್ನು ಮೊದಲಿಂದ ಹೇಳುತ್ತೇನೆ.

## ಎರಡೂ ಮರ, ಆದರೆ ಕೆಲಸ ಬೇರೆ

ನೆರಳಿನ ಮರ ಅಂದರೆ ಎತ್ತರಕ್ಕೆ ಹೋಗಿ, ಕೊಡೆ ಹಾಗೆ ಹರಡಿ, ಕೆಳಗಿನ ಜಾಗಕ್ಕೆ ಬಿಸಿಲು ಬೀಳದಂತೆ ತಡೆಯುವ ಮರ. ಹೊಂಗೆ, ಬೇವು, ಮಾವು ಎಲ್ಲ ಈ ಸಾಲಿನವು. ಹೊಂಗೆ ನಗರದ ಮಣ್ಣಿನಲ್ಲಿ ಸಾಮಾನ್ಯವಾಗಿ 25ರಿಂದ 40 ಅಡಿ ಎತ್ತರ ಬೆಳೆಯುತ್ತದೆ, ಸುಮಾರು ಅಷ್ಟೇ ಅಗಲಕ್ಕೂ ಹರಡುತ್ತದೆ.

ನಿಂಬೆ ಹಾಗಲ್ಲ. ಹತ್ತು ಹದಿನೈದು ಅಡಿ ಎತ್ತರದ, ಬುಡದಿಂದಲೇ ಕೊಂಬೆ ಒಡೆಯುವ, ಮುಳ್ಳಿನ ಸಣ್ಣ ಮರ. ಕಿತ್ತಳೆ, ಮೂಸಂಬಿ, ಹೇರಳೆ, ಚಕ್ಕೋತ ಎಲ್ಲ ಇದರ ಹತ್ತಿರದ ನೆಂಟರು. ಕರಿಬೇವು ಮತ್ತು ಬಿಲ್ವ ಕೂಡ ಇದೇ ಕುಟುಂಬದವು. ನಿಂಬೆ ಎಲೆಯೊಂದನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ. ಸೂಜಿಯಿಂದ ಚುಚ್ಚಿದ ಹಾಗೆ ನೂರಾರು ಸಣ್ಣ ಚುಕ್ಕಿಗಳು ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ಎಲೆ ಹಿಸುಕಿದಾಗ ಬರುವ ಘಮ ಅಲ್ಲಿಂದಲೇ.

ಇಲ್ಲಿ ಮುಖ್ಯ ಮಾತು ಒಂದೇ: ಹೊಂಗೆ ನೆರಳು ಕೊಡುತ್ತದೆ, ನಿಂಬೆ ಬಿಸಿಲು ಕೇಳುತ್ತದೆ. ಹಣ್ಣಿಗೆ ಬೇಕಾದ ಸಕ್ಕರೆ, ಹುಳಿ, ರಸ ಎಲ್ಲವನ್ನೂ ಎಲೆ ಬಿಸಿಲಲ್ಲೇ ತಯಾರು ಮಾಡಬೇಕು. ದಿನಕ್ಕೆ ಕಡಿಮೆ ಅಂದರೂ ಆರು ಗಂಟೆ ನೇರ ಬಿಸಿಲು ಬಿದ್ದರೆ ನಿಂಬೆ ಚೆನ್ನಾಗಿ ಕಾಯಿ ಬಿಡುತ್ತದೆ. ಹಾಗಾಗಿ ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳುವ ಮೊದಲು, ನಮ್ಮ ಅಂಗಳದಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡಬೇಕು.

## ಮರದ ನೆರಳು ಶೀಟಿನ ನೆರಳಿಗಿಂತ ಯಾಕೆ ತಂಪು?

ಹೊಂಗೆ ನೆರಳು ತಾಯಿಯ ಮಡಿಲು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಊರಿನಲ್ಲಿ ಬೇಸಿಗೆ ಬಂತೆಂದರೆ ಎತ್ತುಗಳನ್ನು ಕಟ್ಟುತ್ತಿದ್ದುದು ಹೊಂಗೆ ಕೆಳಗೆ, ದೊಡ್ಡವರು ಟವೆಲ್ ಹಾಸಿ ಮಲಗುತ್ತಿದ್ದುದೂ ಅಲ್ಲೇ. ಇದರ ಹಿಂದೆ ಸರಳವಾದ ಲೆಕ್ಕವಿದೆ.

ತಗಡಿನ ಶೀಟು ಬಿಸಿಲನ್ನು ತಡೆಯುತ್ತದೆ ನಿಜ, ಆದರೆ ತಾನೇ ಕಾಯುತ್ತದೆ. ಕಾದ ಶೀಟು ಕೆಳಗಿರುವವರ ತಲೆ ಮೇಲೆ ಶಾಖ ಬಿಡುತ್ತದೆ. ಮರದ ಎಲೆ ಹಾಗೆ ಕಾಯುವುದಿಲ್ಲ, ಯಾಕೆಂದರೆ ಅದು ಬೆವರುತ್ತದೆ. ಬೇರು ಎಳೆದ ನೀರು ಎಲೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ನೀರು ಆವಿಯಾಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಎಲೆಯಿಂದ, ಸುತ್ತಲಿನ ಗಾಳಿಯಿಂದ ತೆಗೆದುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೇ ಅಲ್ವಾ? ಮಡಕೆಯ ಮೈಯಿಂದ ಜಿನುಗಿದ ನೀರು ಒಳಗಿನ ನೀರಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ.

ಇದು ಎಷ್ಟು ದೊಡ್ಡ ಕೆಲಸ ಅಂತ ನೋಡಿ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ, 1,000 ವಾಟ್‌ನ ಇಸ್ತ್ರಿ ಪೆಟ್ಟಿಗೆಯನ್ನು 40 ನಿಮಿಷ ಉರಿಸಿದಷ್ಟು. ಬೆಳೆದ ಮರವೊಂದು ಬೇಸಿಗೆಯ ದಿನದಲ್ಲಿ ಹತ್ತಾರು ಲೀಟರ್ ನೀರನ್ನು ಹೀಗೆ ಗಾಳಿಗೆ ಬಿಡುತ್ತದೆ. ಅದೂ ಸದ್ದಿಲ್ಲದೆ, ಕರೆಂಟ್ ಬಿಲ್ಲಿಲ್ಲದೆ.

ನಿಂಬೆ ಗಿಡವೂ ಬೆವರುತ್ತದೆ. ಆದರೆ ಅದು ಚಿಕ್ಕದು, ಕೊಂಬೆ ತಗ್ಗು. ಅದರ ಕೆಳಗೆ ಕುರ್ಚಿ ಹಾಕಿ ಕೂರಲು ಆಗುವುದಿಲ್ಲ, ಎರಡನೇ ಮಹಡಿಯ ಗೋಡೆಗೆ ಅದರ ನೆರಳು ಮುಟ್ಟುವುದೂ ಇಲ್ಲ.

## ಸೂರ್ಯನ ದಾರಿ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು

ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಅದಕ್ಕೇ ಇಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ಸೂರ್ಯ ನಡುನೆತ್ತಿಗೇ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುತ್ತಾರಲ್ಲ, ಅದೇ. ಆ ಹೊತ್ತಿಗೆ ನೆಟ್ಟಗೆ ನಿಂತ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ.

ಇದರಿಂದ ನಮಗೇನು? ಬೇಸಿಗೆಯ ಮಧ್ಯಾಹ್ನ ಹನ್ನೆರಡಕ್ಕೆ ಮನೆ ಪಕ್ಕದ ಯಾವ ಮರವೂ ಗೋಡೆಗೆ ನೆರಳು ಕೊಡಲಾರದು. ಆಗ ಬಿಸಿಲು ತಾರಸಿಯ ಮೇಲೆ ಬೀಳುತ್ತಿರುತ್ತದೆ. ಮರದ ಕೆಲಸ ಶುರುವಾಗುವುದು ಆಮೇಲೆ. ಏಪ್ರಿಲ್ ಕೊನೆಯಲ್ಲಿ ಮೂರೂ ಇಪ್ಪತ್ತರ ಸುಮಾರಿಗೆ ಮರದ ನೆರಳು ಅದರ ಎತ್ತರದಷ್ಟೇ ಉದ್ದ ಇರುತ್ತದೆ. ನಾಲ್ಕೂ ಇಪ್ಪತ್ತಕ್ಕೆ ಎತ್ತರದ ಒಂದೂವರೆ ಪಟ್ಟು ದಾಟುತ್ತದೆ. ಅಂದರೆ ಪಶ್ಚಿಮಕ್ಕೆ 25 ಅಡಿಯ ಹೊಂಗೆ ಇದ್ದರೆ, ಅದರ ನೆರಳು ನಾಲ್ಕು ಗಂಟೆ ದಾಟುವಷ್ಟರಲ್ಲಿ ಪೂರ್ವಕ್ಕೆ 40 ಅಡಿವರೆಗೆ ಚಾಚಿ ಗೋಡೆಯನ್ನು ಪೂರ್ತಿ ಮುಚ್ಚುತ್ತದೆ. ರಾತ್ರಿ ಎಂಟಕ್ಕೆ ಬೆಚ್ಚಗಿರುವ ಗೋಡೆ ಇದೇ ತಾನೇ!

ಆದ್ದರಿಂದ ನೆರಳಿನ ಮರಕ್ಕೆ ಸರಿಯಾದ ಜಾಗ ಮನೆಯ ಪಶ್ಚಿಮ. ದಕ್ಷಿಣಕ್ಕೆ ಹಾಕಿದರೆ ಅದರ ನೆರಳು ಮನೆ ಮೇಲೆ ಜಾಸ್ತಿ ಬೀಳುವುದು ಚಳಿಗಾಲದಲ್ಲಿ, ಬಿಸಿಲು ಹಿತ ಅನ್ನಿಸುವಾಗ.

ನಿಂಬೆಗೆ ಲೆಕ್ಕ ಬೇರೆ. ಪೂರ್ವ ಅಥವಾ ಆಗ್ನೇಯದ ತೆರೆದ ಜಾಗ ಒಳ್ಳೆಯದು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿಲು ಸಿಗುತ್ತದೆ, ರಾತ್ರಿಯ ಇಬ್ಬನಿ ಬೇಗ ಆರಿ ಎಲೆಗೆ ರೋಗ ಹತ್ತುವುದು ಕಡಿಮೆಯಾಗುತ್ತದೆ. ಉತ್ತರದ ಜಾಗದಲ್ಲಿ ಮೋಸ ಹೋಗುವವರು ಜಾಸ್ತಿ. ಮೇ ತಿಂಗಳಲ್ಲಿ ನೋಡಿದಾಗ ಅಲ್ಲಿ ಬಿಸಿಲು ಕಾಣುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ, 20 ಅಡಿ ಎತ್ತರದ ಮನೆ ನಡುಮಧ್ಯಾಹ್ನವೇ ಉತ್ತರಕ್ಕೆ 15 ಅಡಿ ನೆರಳು ಚೆಲ್ಲುತ್ತದೆ. ಗಿಡ ತಿಂಗಳುಗಟ್ಟಲೆ ನೆರಳಲ್ಲಿ ಕೂರುತ್ತದೆ.

30x40 ಸೈಟಿನವರಿಗೆ ಇದನ್ನು ಹೀಗೆ ಹೇಳಬಹುದು. ಮನೆ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಮುಂದೆ ಹೊಂಗೆ, ಪೂರ್ವಕ್ಕೆ ಮುಖ ಮಾಡಿದ್ದರೆ ಮುಂದೆ ನಿಂಬೆ. ಅಕ್ಕಪಕ್ಕದ ಮೂರು ಮಹಡಿಯ ಕಟ್ಟಡಗಳು ಈ ಲೆಕ್ಕವನ್ನು ಬದಲಿಸುತ್ತವೆ, ಅದನ್ನು ನೀವೇ ನಿಂತು ನೋಡಬೇಕು.

## ಹೊಂಗೆಯ ವರ್ಷ

ಹೊಂಗೆಯನ್ನೇ ಉದಾಹರಣೆಗೆ ತೆಗೆದುಕೊಂಡಿರುವುದಕ್ಕೆ ಕಾರಣ ಅದರ ಕಾಲಜ್ಞಾನ. ಚಳಿ ಮುಗಿಯುವ ಹೊತ್ತಿಗೆ ಹಳೆ ಎಲೆ ಉದುರಿಸುತ್ತದೆ. ಕೆಲವೇ ದಿನ ಬೋಳಾಗಿದ್ದು, ಯುಗಾದಿ ಹತ್ತಿರ ಬರುವಷ್ಟರಲ್ಲಿ ಎಣ್ಣೆ ಸವರಿದ ಹಾಗೆ ಹೊಳೆಯುವ ಎಳೆ ಹಸಿರು ತುಂಬಿಕೊಳ್ಳುತ್ತದೆ. ಬಿಸಿಲು ಏರುವಾಗ ನೆರಳು ದಟ್ಟವಾಗಿರುತ್ತದೆ. ಆಮೇಲೆ ತಿಳಿ ಗುಲಾಬಿ ಮತ್ತು ಬಿಳಿ ಬಣ್ಣದ ಹೂ. ಬೆಳಗ್ಗೆ ಎದ್ದು ನೋಡಿದರೆ ಮರದ ಕೆಳಗೆ ಕಡಲೆಪುರಿ ಚೆಲ್ಲಿದ ಹಾಗಿರುತ್ತದೆ, ಮೇಲೆ ಜೇನುನೊಣಗಳ ಗುಂಯ್‌ ಸದ್ದು. ಅದನ್ನು ಗುಡಿಸಲು ಬೇಜಾರು ಪಡುವವರಿದ್ದಾರೆ. ನನಗೆ ವರ್ಷದಲ್ಲಿ ಅತಿ ಇಷ್ಟದ ಹದಿನೈದು ದಿನ ಅವು.

ಹೊಂಗೆ ಎಲೆ ಮೇಲೆ ನರುಲಿಯ ಹಾಗೆ ಗಂಟು ಗಂಟು ಕಾಣುತ್ತದೆ. ಮರಕ್ಕೆ ದೊಡ್ಡ ರೋಗ ಬಂತು ಅಂತ ಹೆದರಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಎಲೆಯೊಳಗೆ ಮನೆ ಮಾಡಿದ ಗುರುತು ಅದು. ಮರ ಸಾಯುವುದಿಲ್ಲ.

ಹೊಂಗೆ ಹುರುಳಿ, ತೊಗರಿಗಳ ಕುಲದ ಮರ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತವೆ. ಹಾಗಾಗಿ ಬಡ ಮಣ್ಣಿನಲ್ಲೂ ಬೆಳೆಯುತ್ತದೆ. ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಯುತ್ತಿದ್ದುದೂ, ಎಣ್ಣೆ ತೆಗೆದ ಮೇಲೆ ಉಳಿದ ಹೊಂಗೆ ಹಿಂಡಿಯನ್ನು ಗೊಬ್ಬರಕ್ಕೆ ಹಾಕುತ್ತಿದ್ದುದೂ ಇದೇ ಸಾರಕ್ಕಾಗಿ. ಬೀಜದ ಎಣ್ಣೆ ಹಿಂದೆ ದೀಪಕ್ಕೆ ಉರಿಯುತ್ತಿತ್ತು, ಈಗ ಜೈವಿಕ ಡೀಸೆಲ್‌ಗೂ ಬಳಕೆಯಾಗುತ್ತದೆ. ಬೀಜ ತಿನ್ನುವಂಥದ್ದಲ್ಲ, ಕಹಿ ಮತ್ತು ವಿಷ. ಸಣ್ಣ ಮಕ್ಕಳಿರುವ ಮನೆಯವರು ಇದನ್ನು ನೆನಪಿಡಬೇಕು.

ಮೊದಲ ಎರಡು ಬೇಸಿಗೆ ನೀರು ಹಾಕಿ, ದನ ತಿನ್ನದ ಹಾಗೆ ಕಾಪಾಡಿದರೆ ಸಾಕು. ಆಮೇಲೆ ಅದರ ಬೇರು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಹೀಗೆ ಹುಡುಕುವುದರಿಂದಲೇ ಸಂಪು, ಗೋಡೆ, ಚರಂಡಿ ಪೈಪುಗಳಿಂದ ಹತ್ತು ಹನ್ನೆರಡು ಅಡಿಯಾದರೂ ದೂರ ಇರಬೇಕು. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಅಲ್ಲಿ ಹೊಂಗೆ ಬೇಡ. ವರ್ಷ ವರ್ಷ ಅರ್ಧ ತಲೆ ಕತ್ತರಿಸಿಕೊಂಡು ಒಂದು ಕಡೆ ವಾಲಿ ನಿಂತ ಮರಗಳನ್ನು ಎಲ್ಲ ಬೀದಿಯಲ್ಲೂ ನೋಡಿದ್ದೇವೆ.

ಬೇಗ ಬೆಳೆಯುತ್ತದೆ ಅಂತ ಗುಲ್‌ಮೊಹರ್ ಹಾಕುವವರಿಗೆ ಒಂದು ಮಾತು: ಅದರ ಕೊಂಬೆ ಬಲು ಪೆಳಸು. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಕಾರಿನ ಮೇಲೆ ಬೀಳುವ ಕೊಂಬೆಗಳಲ್ಲಿ ಅದರದ್ದು ಬಹಳ.

## ನಿಂಬೆಗೆ ಏನು ಬೇಕು, ಏನು ಬೇಡ

ನಮ್ಮಲ್ಲಿ ನಿಂಬೆ ಅಂದರೆ ವಿಜಯಪುರ ಜಿಲ್ಲೆಯ ಇಂಡಿ. ಇಂಡಿ ನಿಂಬೆಗೆ ಭೌಗೋಳಿಕ ಗುರುತಿನ (ಜಿಐ ಟ್ಯಾಗ್) ಮಾನ್ಯತೆಯೂ ಇದೆ. ಅಲ್ಲಿನ ಒಣ ಹವೆ, ಧಾರಾಳ ಬಿಸಿಲು, ಇವೇ ನಿಂಬೆಗೆ ಇಷ್ಟ. ಮನೆ ಅಂಗಳದಲ್ಲೂ ಅದೇ ವಾತಾವರಣ ಮಾಡಿಕೊಡಬೇಕು.

ನಿಂಬೆಯ ಆಹಾರ ಹುಡುಕುವ ಬೇರುಗಳು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಅದಕ್ಕೇ ಗಿಡದ ಸುತ್ತ ಗುದ್ದಲಿಯಿಂದ ಆಳವಾಗಿ ಅಗೆಯಬಾರದು. ಅದಕ್ಕೇ ಮಣ್ಣು ಬೇಗ ಒಣಗಿದರೆ ಗಿಡ ಬೇಗ ಬಾಡುತ್ತದೆ. ನೀರು ನಿಂತರೂ ಅಷ್ಟೇ ಬೇಗ ಬೇರು ಕೊಳೆಯುತ್ತದೆ. ಜನ ಪ್ರೀತಿಯಿಂದ ಮಾಡುವ ತಪ್ಪೊಂದಿದೆ. ಬುಡಕ್ಕೆ ಮಣ್ಣು ಏರಿಸಿ, ಕಾಂಡಕ್ಕೆ ತಾಗುವಂತೆ ನೀರು ನಿಲ್ಲಿಸುವುದು. ಕಾಂಡದ ತೊಗಟೆ ಕೊಳೆತು ಅಂಟು ಸುರಿಯಲು ಶುರುವಾಗುತ್ತದೆ. ಪಾತಿ ಕಾಂಡದಿಂದ ಒಂದಡಿ ಆಚೆ, ಉಂಗುರದ ಹಾಗೆ ಇರಲಿ. ಬುಡ ಸ್ವಲ್ಪ ದಿಬ್ಬದ ಮೇಲೆ, ಒಣಗಿರಲಿ. ಸೋಪಿನ ನೀರು, ಉಪ್ಪಿನ ಅಂಶ ಜಾಸ್ತಿ ಇರುವ ಬೋರ್‌ವೆಲ್ ನೀರು ಇದಕ್ಕೆ ಆಗುವುದಿಲ್ಲ. ಎಲೆಯ ತುದಿ ಸುಟ್ಟ ಹಾಗೆ ಕಂದಾಗುತ್ತದೆ.

ನೀರಿನಲ್ಲಿ ಏರುಪೇರಾದರೆ ಹೀಚು ಉದುರುತ್ತದೆ. ಬಹಳ ದಿನ ಒಣಗಿಸಿ ಒಮ್ಮೆಲೇ ನೀರು ಸುರಿದರೆ ಹಣ್ಣು ಬಿರಿಯುತ್ತದೆ. ಹೂವಿನಿಂದ ಹಣ್ಣಾಗಲು ಐದಾರು ತಿಂಗಳು ಬೇಕು. ಮಳೆಗಾಲದಲ್ಲಿ ನಿಂಬೆ ಅಗ್ಗವಾಗಿ, ಏಪ್ರಿಲ್‌ನಲ್ಲಿ ಬೆಲೆ ಏರುವುದಕ್ಕೆ ಕಾರಣ ಇಲ್ಲೇ ಇದೆ. ಜನವರಿ, ಫೆಬ್ರವರಿಯಲ್ಲಿ ಬಂದ ಹೂವು ಮಳೆಗಾಲಕ್ಕೆ ಹಣ್ಣಾಗುತ್ತದೆ. ಬೇಸಿಗೆಗೆ ಹಣ್ಣು ಬೇಕಾದರೆ ಗಿಡ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಹೂ ಬಿಡಬೇಕು. ಬೆಳೆಗಾರರು ಆ ಕಾಲಕ್ಕೆ ಸ್ವಲ್ಪ ದಿನ ನೀರು ನಿಲ್ಲಿಸಿ, ಗಿಡವನ್ನು ಬಾಡಿಸಿ, ಆಮೇಲೆ ಗೊಬ್ಬರ ನೀರು ಕೊಟ್ಟು ಹೂ ತರಿಸುತ್ತಾರೆ. ಆದರೆ ಆಗಲೇ ಮಳೆ ಬಂದರೆ ಗಿಡ ಬಾಡುವುದೇ ಇಲ್ಲ, ಹೂವೂ ಸರಿಯಾಗಿ ಬರುವುದಿಲ್ಲ. ಬೇಸಿಗೆಗೆ ಹಣ್ಣು ಕಡಿಮೆಯಾಗಿ ಬೆಲೆ ಏರುವುದು ಹೀಗೆ.

## ಬೀಜದ ಗಿಡವೋ, ಕಸಿಯೋ?

ಮಾವಿನ ಓಟೆ ನೆಟ್ಟರೆ ತಾಯಿ ಮರದ ರುಚಿಯೇ ಬರುತ್ತದೆ ಅಂತ ಹೇಳಲಾಗದು. ನಿಂಬೆಯಲ್ಲಿ ಒಂದು ವಿಶೇಷ ಇದೆ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಬಂಧವಿಲ್ಲದೆ, ತಾಯಿಯ ಅಂಶದಿಂದಲೇ ಹುಟ್ಟಿದವು. ಹಾಗಾಗಿ ಒಳ್ಳೆ ಗಿಡದ ಬೀಜ ಹಾಕಿದರೆ ಬಹುಪಾಲು ತಾಯಿಯಂಥದ್ದೇ ಗಿಡ ಸಿಗುತ್ತದೆ. ಆದರೆ ಕಾಯಬೇಕು, ನಾಲ್ಕರಿಂದ ಆರು ವರ್ಷ. ಕಸಿ ಗಿಡ ಅಥವಾ ಗೂಟಿ ಗಿಡ (ಮರದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ ಕತ್ತರಿಸಿ ತೆಗೆದದ್ದು) ಎರಡು ಮೂರು ವರ್ಷಕ್ಕೇ ಕಾಯಿ ಬಿಡುತ್ತದೆ.

ಕಸಿ ಗಿಡದಲ್ಲಿ ಕಾಂಡದ ಕೆಳಗೆ ಒಂದು ಗಂಟು ಇರುತ್ತದೆ. ಕೆಳಗಿನದು ಗಟ್ಟಿ ಬೇರಿನ ಬೇರೆ ಜಾತಿ, ಮೇಲಿನದು ನಮಗೆ ಬೇಕಾದ ನಿಂಬೆ. ಗಂಟಿನ ಕೆಳಗೆ ಚಿಗುರು ಬಂದರೆ ಆಗಿಂದಾಗಲೇ ಮುರಿದು ಹಾಕಬೇಕು. ಇದನ್ನು ನನಗೆ ಗಿಡ ಮಾರಿದವರು ಹೇಳಲಿಲ್ಲ. ಕೆಳಗಿನ ಚಿಗುರು ಹುಲುಸಾಗಿ ಬೆಳೆದು ಮೇಲಿನ ನಿಂಬೆಯನ್ನೇ ನುಂಗಿ ಹಾಕಿತ್ತು. ಈಗ ಗಿಡ ತರುವಾಗ ಮೊದಲು ಮಂಡಿಯೂರಿ ಆ ಗಂಟು ಹುಡುಕುತ್ತೇನೆ. ಲಾಲ್‌ಬಾಗ್‌ನ ತೋಟಗಾರಿಕೆ ನರ್ಸರಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ಕಡೆ ಗಿಡದ ಮೂಲ ಕೇಳಿ ತಿಳಿಯಬಹುದು. ಹೊಂಗೆ ಸಸಿ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಿಗುತ್ತದೆ.

## ಹಕ್ಕಿ ಹಿಕ್ಕೆಯಂತಿರುವ ಹುಳ

ನಿಂಬೆ ನೆಟ್ಟವರು ಮೊದಲು ಭೇಟಿಯಾಗುವುದು ಒಂದು ಹುಳವನ್ನು. ಎಳೆ ಎಲೆಯ ಮೇಲೆ ಕಂದು ಬಿಳಿ ಬಣ್ಣದ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಇರುತ್ತದೆ. ಸ್ವಲ್ಪ ಹೊತ್ತು ನೋಡಿದರೆ ಅದು ಜರುಗುತ್ತದೆ. ಹಕ್ಕಿಗಳ ಕಣ್ಣಿಗೆ ಬೀಳದಿರಲು ಹಾಕಿಕೊಂಡ ವೇಷ ಅದು. ದೊಡ್ಡದಾದ ಮೇಲೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಚಾಚಿ ಕಟು ವಾಸನೆ ಬಿಡುತ್ತದೆ. ಮುಂದೆ ಅದೇ ಹಳದಿ ಕಪ್ಪು ಮಚ್ಚೆಯ ನಿಂಬೆ ಚಿಟ್ಟೆ. ಪಕ್ಕದ ಕರಿಬೇವಿನ ಮೇಲೂ ಮೊಟ್ಟೆ ಇಡುತ್ತದೆ. ಪುಟ್ಟ ಗಿಡವಾದರೆ ಹುಳಗಳನ್ನು ಕೈಯಿಂದ ಆಯ್ದು ತೆಗೆಯಬೇಕು, ಇಲ್ಲದಿದ್ದರೆ ವಾರದಲ್ಲಿ ಎಲೆ ಖಾಲಿ. ಗಿಡ ಆಳೆತ್ತರ ದಾಟಿದ ಮೇಲೆ ನಾನು ನಾಲ್ಕಾರು ಹುಳಗಳನ್ನು ಸುಮ್ನೆ ಬಿಟ್ಟುಬಿಡುತ್ತೇನೆ.

ಎಲೆ ಮೇಲೆ ಬೆಳ್ಳಿ ಗೆರೆ ಹಾವಿನಂತೆ ಹರಿದಿದ್ದರೆ ಅದು ಎಲೆ ಸುರಂಗದ ಹುಳ. ಹಳದಿ ಅಂಚಿನ ಒರಟು ಕಜ್ಜಿ ಇದ್ದರೆ ಕ್ಯಾಂಕರ್ ರೋಗ. ಮಳೆ ಗಾಳಿಯಲ್ಲಿ ಹರಡುತ್ತದೆ. ಅಂಥ ರೆಂಬೆಯನ್ನು ಒಣ ದಿನದಲ್ಲಿ ಕತ್ತರಿಸಿ ದೂರ ಹಾಕಬೇಕು.

## ಎರಡೂ ಬೇಕು ಅಂದರೆ?

ಆಗುತ್ತದೆ, ಕೊಡಗು ಇದಕ್ಕೆ ಸಾಕ್ಷಿ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಕೊಡಗಿನ ಕಿತ್ತಳೆ ಬೆಳೆದಿದ್ದೇ ಕಾಫಿ ತೋಟದ ನೆರಳಿನ ಮರಗಳ ನಡುವೆ. ಆದರೆ ತೋಟದವರು ವರ್ಷ ವರ್ಷ ಮರಗಸಿ ಮಾಡುತ್ತಾರೆ. ಅಂದರೆ ಮೇಲಿನ ಮರಗಳ ಕೊಂಬೆ ಸವರಿ ಬೆಳಕು ಕೆಳಗೆ ಇಳಿಯುವಂತೆ ಮಾಡುತ್ತಾರೆ. ಅಲ್ಲಿನ ನೆರಳು ಜಾಲರಿಯ ನೆರಳು. ಅಂಗಳದ ಹೊಂಗೆಯದು ಕಂಬಳಿಯ ನೆರಳು.

ನನ್ನ ತಪ್ಪು ಇಲ್ಲೇ ಆಗಿದ್ದು. ಹೊಂಗೆಯಿಂದ ಎಂಟು ಅಡಿ ದೂರದಲ್ಲಿ ನಿಂಬೆ ನೆಟ್ಟೆ. ಗಿಡ ಸತ್ತಿದ್ದರೆ ಬೇಗ ಗೊತ್ತಾಗುತ್ತಿತ್ತು. ಅದು ಸಾಯಲಿಲ್ಲ. ಎಲೆ ದೊಡ್ಡದಾಗಿ, ಕಡುಹಸಿರಾಗಿ, ನೋಡಲು ಬಹಳ ಚಂದ ಇತ್ತು. ರೆಂಬೆಗಳು ಬೆಳಕು ಹುಡುಕಿಕೊಂಡು ಕಾಂಪೌಂಡ್ ಆಚೆಗೆ ಉದ್ದುದ್ದ ಬಾಗಿದವು. ನಾಲ್ಕು ವರ್ಷದಲ್ಲಿ ಬಂದ ಹಣ್ಣು ಒಂಬತ್ತು. ಗೊಬ್ಬರ ಕಡಿಮೆಯಾಯಿತೇನೋ ಅಂತ ಹಾಕುತ್ತಲೇ ಹೋದೆ. ಕಡಿಮೆಯಾಗಿದ್ದು ಬಿಸಿಲು.

ಎರಡರ ನಡುವೆ 25 ಅಡಿಯಾದರೂ ಅಂತರ ಇದ್ದು, ಹೊಂಗೆ ಪಶ್ಚಿಮಕ್ಕೆ, ನಿಂಬೆ ಪೂರ್ವಕ್ಕೆ ಇದ್ದರೆ ನಿಂಬೆಗೆ ಬೆಳಗಿನ ಬಿಸಿಲು ಪೂರ್ತಿ ಸಿಗುತ್ತದೆ, ಇಳಿಹೊತ್ತಿನ ನೆರಳು ತೊಂದರೆ ಕೊಡುವುದಿಲ್ಲ. ಹೊಂಗೆಯ ಉದುರಿದ ಎಲೆಯನ್ನು ಸುಡದೆ ನಿಂಬೆ ಪಾತಿಗೆ ಹೊದಿಸಿದರೆ ಮಣ್ಣಿನ ತೇವ ಉಳಿಯುತ್ತದೆ, ಕೊಳೆತ ಮೇಲೆ ಗೊಬ್ಬರವಾಗುತ್ತದೆ. ಕಾಂಡಕ್ಕೆ ಮಾತ್ರ ತಾಗಬಾರದು.

ಅಷ್ಟು ಜಾಗ ಇಲ್ಲದಿದ್ದರೆ ಒಂದನ್ನೇ ಆರಿಸಿಕೊಳ್ಳಬೇಕು. ಹೊಂಗೆ ಆರಿಸುವಾಗ ಇನ್ನೊಂದು ವಿಷಯ ಗೊತ್ತಿರಲಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಾಗದ ಮರವನ್ನು ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ವಿನಾಯಿತಿ ಇರುವುದು ಕೆಲವು ಜಾತಿಗಳಿಗಷ್ಟೇ. ಮನೆ ವಿಸ್ತರಿಸುವ ಯೋಚನೆ ಇರುವ ಜಾಗದಲ್ಲಿ ದೊಡ್ಡ ಮರ ನೆಡದಿರುವುದೇ ಮರಕ್ಕೂ ಮನೆಗೂ ಕ್ಷೇಮ.

ಸಸಿ ತರುವ ಮೊದಲು ರಜೆಯ ದಿನ ಒಂದು ಕೆಲಸ ಮಾಡಿ. ನೆಡಬೇಕು ಅಂದುಕೊಂಡ ಜಾಗದಲ್ಲಿ ಒಂದು ಕೋಲು ನೆಟ್ಟು, ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಹೋಗಿ ನೋಡಿ. ಕೋಲಿಗೆ ಬಿಸಿಲು ಬಿದ್ದ ಗಂಟೆಗೆ ಒಂದು ಗೆರೆ ಹಾಕಿ. ಆರು ಗೆರೆ ದಾಟಿದರೆ ಅಲ್ಲಿ ನಿಂಬೆ ಕಾಯಿ ಬಿಡುತ್ತದೆ. ಎರಡೋ ಮೂರೋ ಗೆರೆ ಬಿದ್ದರೆ ಅದು ನಿಂಬೆಯ ಜಾಗವಲ್ಲ. ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಇದನ್ನೇ ಮಾಡಿದರೆ ಲೆಕ್ಕ ಪಕ್ಕಾ. ಗುಂಡಿಯನ್ನು ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಟ್ಟು, ಕೊಟ್ಟಿಗೆ ಗೊಬ್ಬರ ಬೆರೆಸಿ ಮುಚ್ಚಿಟ್ಟಿದ್ದರೆ, ಜೂನ್‌ನಲ್ಲಿ ಎರಡು ಹದವಾದ ಮಳೆ ಬಿದ್ದ ಮೇಲೆ ನೆಡಬಹುದು.